ಹನಿ ನೀರು, ಇಪ್ಪತ್ತು ಸುತ್ತು

ದೋಸೆ ಕಾವಲಿಯ ಮುಂದೆ ಇಪ್ಪತ್ತೈದು ವರ್ಷ ನಿಂತವನಿಗೆ ಶಾಖದ ವಿಷಯದಲ್ಲಿ ಯಾರೂ ಪಾಠ ಹೇಳಬೇಕಿಲ್ಲ ಎಂದು ನಾನು ನಂಬಿದ್ದೆ. ಪುಣೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಭಾನುವಾರ ಮಧ್ಯಾಹ್ನ ಅದನ್ನು ಹೆಂಡತಿಗೆ ಒಪ್ಪಿಸಿ ಚಾಕಣದ ಕಡೆಯ ಮೈದಾನಕ್ಕೆ ಓಡುತ್ತಿದ್ದೆ, ಆಟಿಕೆ ಕಾರು ಓಡಿಸಲು. ಆಟಿಕೆ ಅಂದರೆ ನಮ್ಮ ಮೇಸ್ತ್ರಿಗಳಿಗೆ ಸಿಟ್ಟು. ಮೊಳದುದ್ದದ ಕಾರಾದರೂ ಒಳಗೆ ನಿಜವಾದ ಇಂಜಿನ್, ಅದಕ್ಕೆ ನೈಟ್ರೋ ಬೆರೆಸಿದ ಇಂಧನ, ಹಿಂದೆ ನೀಲಿ ಹೊಗೆ. ನಮ್ಮ ಕೈಯಲ್ಲಿ ರಿಮೋಟು.

ಮೇಸ್ತ್ರಿಗಳು ಯಾದಗಿರಿ ಕಡೆಯವರು, ಕಾರ್ಖಾನೆಯಲ್ಲಿ ಲೇತ್ ನಡೆಸುವವರು. ನಮ್ಮಲ್ಲಿ ಇಡ್ಲಿ ತಿನ್ನಲು ಬಂದು ಗೆಳೆಯರಾದವರು. ಹಳೆಯ ಕಾರೊಂದನ್ನು ತಂದು ಇಂಜಿನ್ನನ್ನು ತಾವೇ ಬಿಚ್ಚಿ ಜೋಡಿಸಿದ್ದರು. ಆದರೆ ಅದು ಒಂದು ಪಂದ್ಯವನ್ನೂ ಮುಗಿಸಿರಲಿಲ್ಲ. ಜೊತೆಗೆ ಆಡುವ ಮರಾಠಿಯವರು ಅದಕ್ಕೆ ‘ಅರ್ಧವಟ’, ಅಂದರೆ ಅರೆಬರೆ, ಎಂದು ಹೆಸರಿಟ್ಟಿದ್ದರು. ಮೇಸ್ತ್ರಿಗಳು ನಕ್ಕುಬಿಡುತ್ತಿದ್ದರು, ಆದರೂ ಮಾತು ನಾಟುತ್ತಿತ್ತು.

ಮೇ ತಿಂಗಳ ಪಂದ್ಯದ ದಿನವೇ ಅವರಿಗೆ ಪಾಳಿ ಬಿತ್ತು. ಹಿಂದಿನ ದಿನ ಕಾರನ್ನು ನನ್ನ ಕೈಗಿಟ್ಟರು.

“ಮಾಲಕ್ರ, ನಂಬರ್ ಬರೂದು ಬ್ಯಾಡ್ರಿ. ಇಪ್ಪತ್ತು ಸುತ್ತು ಮುಗಿಸ್ರಿ, ಸಾಕು. ಮೊದ್ಲ ನಾಕ್ ಸುತ್ತು ಓಡ್ಸಿ ಇಂಜಿನ್ ತಲಿ ಮ್ಯಾಲ ಒಂದ್ ಹನಿ ನೀರ್ ಹಾಕಿ ನೋಡ್ರಿ. ಸ್ಕ್ರೂ ಮಾತ್ರ ಮುಟ್ಟಬ್ಯಾಡ್ರಿ.”

“ನನಗೆ ಗೊತ್ತಿಲ್ವಾ ಮಾರಾಯ್ರೆ” ಎಂದೆ.

ಭಾನುವಾರ ಮೈದಾನದ ಮಣ್ಣು ಕಾಲಿಡಲಾಗದಷ್ಟು ಕಾದಿತ್ತು. ಪಂದ್ಯಕ್ಕೆ ಮೊದಲು ನಾಲ್ಕು ಸುತ್ತು ಓಡಿಸಿ ಹನಿ ಹಾಕಿದೆ. ಅದು ಅಲ್ಲೇ ಕೂತು, ಮೆಲ್ಲಗೆ ಗುಳ್ಳೆಯೆದ್ದು ಆರಿತು. ಕಾವಲಿಯ ಮೇಲೆ ಹನಿ ಹೀಗೆ ಕೂತರೆ ನಾವು ಹಿಟ್ಟು ಹುಯ್ಯುವುದಿಲ್ಲ; ಅದು ಚುಂಯ್ ಎಂದು ಜಿಗಿದು ಮಾಯವಾಗಬೇಕು. ಇಂಜಿನ್ ಇನ್ನೂ ಹದಕ್ಕೆ ಬಂದಿಲ್ಲ ಎಂದು ತೀರ್ಮಾನಿಸಿ, ಇಂಧನ ಬಿಡುವ ಸ್ಕ್ರೂವನ್ನು ಕಾಲು ಸುತ್ತು ಬಿಗಿದೆ. ಇಂಧನ ಕಡಿಮೆಯಾಯಿತು, ಹೊಗೆ ತೆಳುವಾಯಿತು, ವೇಗ ಏರಿತು. ಮತ್ತೆ ಹನಿ ಹಾಕಿದರೆ ಜಿಗಿಯಿತು. ದೋಸೆಯನ್ನೇ ಹುಯ್ಯಬಹುದಿತ್ತು.

ಪಂದ್ಯ ಶುರುವಾಯಿತು. ಹದಿನೈದು ಸುತ್ತಿನವರೆಗೆ ನಾವೇ ಮುಂದು. ನನ್ನ ಜಂಬಕ್ಕೆ ಮಿತಿಯಿರಲಿಲ್ಲ. ಅಷ್ಟರಲ್ಲಿ ಮೇಸ್ತ್ರಿಗಳು ಬೈಕಿನಿಂದ ಇಳಿಯುವುದು ಕಂಡಿತು. ಸೂಪರ್‌ವೈಸರನ್ನು ಕಾಡಿಬೇಡಿ, ಕಾರ್ಖಾನೆಯ ಬಟ್ಟೆಯಲ್ಲೇ ಬಂದಿದ್ದರು. ಹದಿನೆಂಟನೆಯ ಸುತ್ತು ಮುಗಿಸಿದ ಕಾರು ಅವರ ಮುಂದೆಯೇ ಒಮ್ಮೆ ಕಿರುಚಿ ನಿಂತಿತು.

ಸುತ್ತಲಿದ್ದವರು ಬಿಸಿಲನ್ನು ಬೈದರು. ಮೇಸ್ತ್ರಿಗಳೂ ಅದನ್ನೇ ಹೇಳಿದರು. “ಇರ್ಲಿ ಬಿಡ್ರಿ. ಇಂಥಾ ಬಿಸಿಲಾಗ ಏನ್ ಮಾಡ್ಲಿಕ್ಕಾಗ್ತದ. ನೀವು ಭಾಳ ಚಲೋ ಓಡ್ಸಿದ್ರಿ.”

ಬಿಸಿಲಿನ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಅವರು ನನ್ನನ್ನೇ ಸಮಾಧಾನ ಮಾಡುವುದನ್ನು ನೋಡಿ ನಾಚಿಕೆಯಾಯಿತು. “ಬಿಸಿಲಲ್ಲ ಮಾರಾಯ್ರೆ, ಸ್ಕ್ರೂ ಬಿಗಿದದ್ದು ನಾನು” ಎಂದು ಕಾವಲಿಯ ಕತೆಯೆಲ್ಲ ಹೇಳಿದೆ.

ಅವರು ಬಗ್ಗಿ ಕಾರನ್ನು ಎತ್ತಿಕೊಂಡರು. “ಹನಿ ಕುಂದರಬೇಕ್ರಿ. ಜಿಗದ್ರ ಇಂಜಿನ್ ಸುಡಾಕತ್ತದ ಅಂತ ಅರ್ಥ” ಎಂದಷ್ಟೇ ಹೇಳಿ ಕಾರನ್ನು ಬೇವಿನ ನೆರಳಿಗೆ ಒಯ್ದರು. ಅದು ಪೂರ್ತಿ ತಣಿದ ಮೇಲೆ ಇಂಜಿನ್ ತಿರುಗಿಸಿ ನೋಡಿದರು, ಪಿಸ್ಟನ್ ಕಚ್ಚಿಕೊಂಡಿರಲಿಲ್ಲ. ಸುಟ್ಟ ಪ್ಲಗ್ ಬದಲಿಸಿ ಸ್ಕ್ರೂ ಸಡಿಲಿಸಿದರು. ಪಂದ್ಯ ಮುಗಿದು ಎಲ್ಲರೂ ಮನೆಗೆ ಹೊರಟಿದ್ದರು. ಇಂಜಿನ್ ಚಾಲೂ ಮಾಡುವ ಹಗ್ಗವನ್ನು ಐದಾರು ಸಲ ಎಳೆದ ಮೇಲೆ ದಟ್ಟವಾಗಿ ಹೊಗೆ ಬಂತು. ನಾನು ರಿಮೋಟನ್ನು ಅವರತ್ತ ಚಾಚಿದೆ. ಅವರು ತೆಗೆದುಕೊಳ್ಳಲಿಲ್ಲ.

“ಎರಡ್ ಸುತ್ತು ಬಾಕಿ ಅದಾವ. ಕೆಡಿಸಿದವ್ರು ನೀವು, ನೀವ ಮುಗಿಸ್ರಿ.”

ಸ್ಕ್ರೂ ಕಡೆ ಕಣ್ಣೂ ಹಾಯಿಸದೆ ರಿಮೋಟು ಒತ್ತಿದೆ. ಕಾರು ಹೊಗೆ ಉಗುಳುತ್ತ ನಿಧಾನಕ್ಕೆ ಹೊರಟಿತು. ಮೇಸ್ತ್ರಿಗಳು ಸುಣ್ಣದ ಗೆರೆಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಖಾಲಿ ಮೈದಾನಕ್ಕೆ ಕೇಳುವಂತೆ “ಹತ್ತೊಂಬತ್ತು” ಎಂದರು. ಮುಂದಿನ ಸಲ ಕಾರು ಗೆರೆ ದಾಟಿದಾಗ ಅವರು ಎದ್ದು ನಿಂತು ಎರಡೂ ಕೈ ಮೇಲೆತ್ತಿದರು. ಇಪ್ಪತ್ತು ಎಂದು ನಾನೇ ಹೇಳಬೇಕಾಯಿತು.