ಎರಡನೆಯ ಜೋಡಿ ಕಣ್ಣು

ಹಕ್ಕಿ ನೋಡುವವರ ಗುಂಪಿಗೆ ನಾನು ಸೇರಿದ್ದು ಹಕ್ಕಿಗಳ ಮೇಲಿನ ಪ್ರೀತಿಯಿಂದಲ್ಲ. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಸಿಕ್ಕಿಬಿದ್ದರೆ ತೆಂಗಿನಕಾಯಿ ಸುಲಿಯುವ ಕೆಲಸ ನನ್ನ ಕೊರಳಿಗೆ ಬೀಳುತ್ತಿತ್ತು. ಅದರಿಂದ ಪಾರಾಗಲು ಮರ್ಯಾದಸ್ಥ ನೆಪವೊಂದು ಬೇಕಾಗಿತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಂಟ್ವಾಳದಲ್ಲಿ ನಾನು ಪತ್ರ ಬರಹಗಾರ. ಕ್ರಯಪತ್ರ, ಪಾಲುಪಟ್ಟಿ, ವೀಲುನಾಮೆ ಬರೆದುಕೊಟ್ಟು, ಸಾಕ್ಷಿ ಸಿಗದ ಬಡಪಾಯಿಗಳಿಗೆ ನಾನೇ ಸಾಕ್ಷಿಯನ್ನೂ ಹಾಕಿ ಬದುಕುತ್ತಿದ್ದವನು. ವೀಲುನಾಮೆ ಮಾಡಿಸಲು ಮೂಡುಬಿದಿರೆಯಿಂದ ಬಂದ ನಿವೃತ್ತ ಹೆಡ್‌ಮಾಸ್ತರರೊಬ್ಬರು ನನ್ನ ಅಕ್ಷರ ಮೆಚ್ಚಿ, "ಭಾನುವಾರ ನಮ್ಮೊಟ್ಟಿಗೆ ಬನ್ನಿ. ಹಕ್ಕಿ ಗೊತ್ತಿಲ್ಲದಿದ್ರೂ ಅಡ್ಡಿ ಇಲ್ಲ. ಬರೆಯುವವರು ಬೇಕು" ಎಂದರು. ಆಸ್ತಿ ಯಾರಿಗೆ ಎಂಬುದಕ್ಕಿಂತ ಹಕ್ಕಿ ಯಾವುದು ಎಂಬುದರಲ್ಲೇ ಅವರಿಗೆ ಹೆಚ್ಚು ಆಸಕ್ತಿ ಇದ್ದಂತೆ ಕಂಡಿತು.

ಗುಂಪು ಎಂದರೆ ಆರೇಳು ಜನ. ತಿಂಗಳಿಗೆ ಎರಡು ಭಾನುವಾರ, ಅವರಲ್ಲೊಬ್ಬರಾದ ಕಲ್ಲಡ್ಕದ ಅಂಗಡಿಯವರ ಓಮ್ನಿಯಲ್ಲಿ ತುಂಬಿಕೊಂಡು ಹೊರಡುತ್ತಿದ್ದೆವು. ಒಮ್ಮೆ ನರಿಕೊಂಬಿನ ಹೊಳೆಬದಿ, ಒಮ್ಮೆ ತೋಡಾರಿನ ಗದ್ದೆಬೈಲು, ಒಮ್ಮೆ ಬೆಳ್ತಂಗಡಿ ಕಡೆಯ ಮರಗಿಡ ತುಂಬಿದ ಹಾಡಿ, ಉಳಿದಂತೆ ಮೂಡುಬಿದಿರೆಯ ಯಾವುದಾದರೊಂದು ಕೆರೆ. ದಾರಿಯಲ್ಲಿ ಸಿಕ್ಕವರು "ಪಕ್ಕಿ ತೂಯೆರೆ ಪೋಪುನಾ?" ಎಂದು ತುಳುವಿನಲ್ಲಿ ಕೇಳುತ್ತಿದ್ದರು. ಹಕ್ಕಿ ನೋಡಲು ಹೋಗುವುದಾ ಎಂದಷ್ಟೇ ಅದರ ಅರ್ಥ. ಆದರೆ ಕೇಳುವ ಧಾಟಿಯಲ್ಲಿ, ಈ ವಯಸ್ಸಿಗೆ ಬಂದರೂ ನಿಮಗೆ ಬುದ್ಧಿ ಬರಲಿಲ್ಲವಲ್ಲ ಎಂಬುದೂ ಸೇರಿರುತ್ತಿತ್ತು. ನನ್ನ ಹೆಂಡತಿಯಂತೂ, "ನಮ್ಮ ಬಾಳೆಗಿಡದ ಬುಡದಲ್ಲಿ ಬೇಕಾದಷ್ಟು ಹಕ್ಕಿ ಉಂಟು, ಅದನ್ನು ನೋಡುತ್ತಾ ಕಾಯಿ ಸುಲಿಯಬಹುದಿತ್ತು" ಎಂದು ಪ್ರತಿ ಸಲವೂ ಹೇಳಿಯೇ ಕಳುಹಿಸುತ್ತಿದ್ದಳು.

ಅಂಗಡಿಯವರು ಹನ್ನೆರಡು ವರ್ಷ ದುಬೈಯಲ್ಲಿದ್ದು ಊರಿಗೆ ಮರಳಿದ ಬ್ಯಾರಿ ಮುಸಲ್ಮಾನರು. ಬರುವಾಗ ತಂದ ಬೈನಾಕ್ಯುಲರ್ ಅವರಲ್ಲಿತ್ತು. ಇಡೀ ಗುಂಪಿಗೆ ಅದೊಂದೇ. ಅದು ಕೈಯಿಂದ ಕೈಗೆ ದಾಟುವುದಕ್ಕೆ ಒಂದು ಕ್ರಮವಿತ್ತು, ಊಟದ ಪಂಕ್ತಿಯಲ್ಲಿ ಹಿರಿಯರಿಂದ ಬಡಿಸುತ್ತ ಬರುವ ಹಾಗೆ. ಮೊದಲು ಮಾಸ್ಟ್ರು, ಆಮೇಲೆ ವಯಸ್ಸಿನ ಪ್ರಕಾರ ಉಳಿದವರು, ಕೊನೆಗೆ ಪೆನ್ನು ಹಿಡಿದ ನಾನು. ನನ್ನ ಕೈಗೆ ಬರುವ ಹೊತ್ತಿಗೆ ಹಕ್ಕಿ ಹಾರಿಹೋಗಿ ಬರೀ ಗೆಲ್ಲು ಅಲ್ಲಾಡುತ್ತಿರುತ್ತಿತ್ತು. "ಕಂಡಿತಾ?" ಎಂದು ಮಾಸ್ಟ್ರು ಕೇಳುತ್ತಿದ್ದರು. ಇಲ್ಲ ಎಂದರೆ ಇನ್ನೂ ಅರ್ಧ ಗಂಟೆ ಆ ಪೊದೆಯೆದುರು ನಿಲ್ಲಿಸುತ್ತಿದ್ದರು. ಓಮ್ನಿಯಲ್ಲಿ ಬನ್ಸ್ ಮತ್ತು ಚಹಾ ತಣ್ಣಗಾಗುತ್ತಿದ್ದವು. "ಕಂಡಿತು ಮಾಸ್ಟ್ರೆ" ಎನ್ನುವುದು ಎಲ್ಲರಿಗೂ ಕ್ಷೇಮ.

ಪುಸ್ತಕ ನನ್ನ ವಶದಲ್ಲಿತ್ತು. ಉದ್ದನೆಯ ನೋಟ್‌ಬುಕ್ಕಿನಲ್ಲಿ ನಾನೇ ಗೆರೆ ಎಳೆದಿದ್ದೆ: ತಾರೀಕು, ಸ್ಥಳ, ಹಕ್ಕಿ, ಕಂಡವರು, ಸಾಕ್ಷಿ. ಕೊನೆಯ ಕಾಲಂ ನನ್ನ ಕಸುಬಿನ ಕೊಡುಗೆಯಾದರೂ ಅದರ ಹಿಂದಿದ್ದ ನಿಯಮ ಮಾಸ್ಟ್ರದ್ದು. ಎರಡು ಜೋಡಿ ಕಣ್ಣು ನೋಡದೆ ಯಾವ ಹಕ್ಕಿಯೂ ಪುಸ್ತಕಕ್ಕೆ ಬರುವಂತಿಲ್ಲ. ಈ ನಿಯಮಕ್ಕೆ ಅವರು ಎಂಥ ನಿಷ್ಠರೆಂದರೆ, ತಮ್ಮ ಮನೆಯಂಗಳದ ಮಡಿವಾಳ ಹಕ್ಕಿಗೂ ಮಗಳನ್ನು ಕರೆದು ಸಾಕ್ಷಿ ಹಾಕಿಸಿದ್ದರು.

ಮಾಸ್ಟ್ರ ಪಕ್ಕದಲ್ಲಿ ಪುಸ್ತಕ ಹಿಡಿದು ನಿಲ್ಲುತ್ತಿದ್ದುದು ನಾನಾದ್ದರಿಂದ ಅವರ ಹಕ್ಕಿಗಳಿಗೆಲ್ಲ ನಾನೇ ಸಾಕ್ಷಿಯಾದೆ. ಮೊದಲ ವರ್ಷ ಒಂದೆರಡು ಸಲ ಸುಳ್ಳು ಹೇಳಿರಬಹುದು. ಆಮೇಲೆ ಚಟವಾಯಿತು. ನೋಡದ ಗಡಿಕಲ್ಲಿಗೆ ಸಾಕ್ಷಿ ಹಾಕಿದ ಕೈಗೆ ನೋಡದ ಹಕ್ಕಿ ಯಾವ ಲೆಕ್ಕ? ನರಿಕೊಂಬಿನಲ್ಲಿ ಒಂದು ಬೆಳಿಗ್ಗೆ ಹೊಳೆಯ ಆಚೆದಡ ತೋರಿಸಿ ಮಾಸ್ಟ್ರು ನಡುಗುವ ದನಿಯಲ್ಲಿ "ಕರಿ ಕೊಕ್ಕರೆ" ಎಂದರು. ಮಂಜಿನಲ್ಲಿ ಕಪ್ಪಗೆ ಏನೋ ನಿಂತಿತ್ತು. ಉಳಿದವರು ಹಿಂದೆ ಉಳಿದಿದ್ದರು. ನಾನು ಕಂಡೆ ಎಂದೆ, ಬರೆದೆ, ಸಹಿ ಹಾಕಿದೆ. ಮುಂದಿನ ವಾರ ಬೇರೆ ಕೆಲಸಕ್ಕೆ ಅದೇ ದಾರಿಯಲ್ಲಿ ಹೋದಾಗ ಕೊಕ್ಕರೆ ಅದೇ ಜಾಗದಲ್ಲಿ, ಅದೇ ಭಂಗಿಯಲ್ಲಿ ನಿಂತಿತ್ತು. ಹೊಳೆ ತಂದು ಹಾಕಿದ ಮರದ ಕುತ್ತಿ, ಅದಕ್ಕೆ ಸಿಕ್ಕಿಕೊಂಡ ಟಾರ್ಪಾಲಿನ ತುಂಡು. ನಾನು ಯಾರಿಗೂ ಹೇಳಲಿಲ್ಲ. ಆ ಹಕ್ಕಿಯಿಂದ ಮಾಸ್ಟ್ರು ಒಂದು ತಿಂಗಳು ಖುಷಿಯಾಗಿದ್ದರು. ಕುತ್ತಿಯಿಂದ ಯಾರಿಗೂ ನಷ್ಟವಿಲ್ಲ ಎಂದುಕೊಂಡೆ.

ಇಷ್ಟರ ನಡುವೆ ನನಗೇ ಗೊತ್ತಿಲ್ಲದೆ ಹಕ್ಕಿಯ ಹುಚ್ಚು ಹಿಡಿದಿತ್ತು. ನಾಲ್ಕು ವರ್ಷವಾದರೂ 'ಕಂಡವರು' ಎಂಬ ಕಾಲಮ್ಮಿನಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿರಲಿಲ್ಲ. "ನೀವು ವಾಲಗದವರ ಹಾಗೆ ಮಾರಾಯ್ರೆ" ಎಂದು ಅಂಗಡಿಯವರು ನಗುತ್ತಿದ್ದರು, "ಎಲ್ಲ ಮದುವೆಗೂ ಇರ್ತೀರಿ, ಮದುಮಗ ಮಾತ್ರ ಆಗುವುದಿಲ್ಲ." ನಾನೂ ನಗುತ್ತಿದ್ದೆ, ಒಳಗೆ ಉರಿಯುತ್ತಿತ್ತು. ಒಂದು ಹಕ್ಕಿ ಸಾಕಾಗಿತ್ತು. ಪುಸ್ತಕದಲ್ಲಿಲ್ಲದ, ನಾನೇ ಮೊದಲು ಕಂಡ, ನನ್ನದೇ ಹೆಸರಿನ ಒಂದು ಹಕ್ಕಿ.

ಅದು ಬಂದದ್ದು ಚಳಿಗಾಲದ ಒಂದು ಭಾನುವಾರ. ನಮ್ಮ ಕಡೆ ಚಳಿ ಎಂದರೆ ಫ್ಯಾನನ್ನು ಒಂದು ನಂಬರ್ ಇಳಿಸುವುದು, ಅಷ್ಟೇ. ಮೂಡುಬಿದಿರೆಯ ಹೊರಗಿನ ಒಂದು ಕೆರೆಯ ಏರಿಯ ಮೇಲೆ ಉಳಿದವರು ಬೈನಾಕ್ಯುಲರ್ ಹಿಡಿದುಕೊಂಡು ಮುಂದೆ ಹೋಗಿದ್ದರು. ಮಾಸ್ಟ್ರಿಗೆ ಮಂಡಿನೋವು. ನಾವಿಬ್ಬರು ಗೇರುಮರದ ಕೆಳಗೆ ಮುರಕಲ್ಲಿನ ಮೇಲೆ ಕೂತಿದ್ದೆವು. ಎದುರಿಗೆ ಒಣ ಎಲೆ ಸರಿದಾಡಿತು. ಓತಿಕ್ಯಾತ ಇರಬೇಕು ಎಂದುಕೊಳ್ಳುವಷ್ಟರಲ್ಲಿ ಎಲೆಗಳನ್ನು ಕೊಕ್ಕಿನಿಂದ ಎತ್ತಿ ಎಸೆಯುತ್ತ ಒಂದು ಹಕ್ಕಿ ಬಯಲಿಗೆ ಬಂತು. ಹಸಿರು ಬೆನ್ನು, ನೀಲಿ ಹೆಗಲು, ಕಣ್ಣಿಗೆ ಕಪ್ಪು ಪಟ್ಟಿ, ಮೋಟು ಬಾಲದ ಕೆಳಗೆ ಕುಂಕುಮ. ನವರಂಗ! ಹತ್ತು ಹೆಜ್ಜೆ ದೂರದಲ್ಲಿ, ಬಿಸಿಲಲ್ಲಿ. ಪುಸ್ತಕದಲ್ಲಿ ಅದು ಇರಲಿಲ್ಲ.

"ಮಾಸ್ಟ್ರೆ, ನೇರ ಎದುರು. ಆ ಎಲೆಗಳ ಮೇಲೆ" ಎಂದು ಪಿಸುಗುಟ್ಟಿದೆ.

ಅವರು ಕಣ್ಣು ಕಿರಿದು ಮಾಡಿ ನೋಡಿದರು. "ಎಲೆ ಕಾಣ್ತದೆ" ಎಂದರು.

ಹಕ್ಕಿ ಕುಪ್ಪಳಿಸಿತು, ನಿಂತಿತು, ಎದೆ ತೋರಿಸಿತು, ತಿರುಗಿ ಬೆನ್ನನ್ನೂ ತೋರಿಸಿತು. ಹೆಣ್ಣು ನೋಡಲು ಬಂದವರೆದುರು ಕೂಡ ಯಾರೂ ಅಷ್ಟು ಹೊತ್ತು ನಿಲ್ಲಲಾರರು. ಆಮೇಲೆ ಪುರ್ರೆಂದು ಪೊದೆಯೊಳಗೆ ಹೋಯಿತು. ಮಾಸ್ಟ್ರು ಇನ್ನೂ ಎಲೆಗಳನ್ನೇ ನೋಡುತ್ತಿದ್ದರು.

ಉಳಿದವರು ಬಂದಾಗ ನಾನು ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದೆ. "ಮಾಸ್ಟ್ರು ಕಂಡ್ರಾ?" ಎಂದು ಅಂಗಡಿಯವರು ಕೇಳಿದರು. ಎಲ್ಲರೂ ಅವರ ಕಡೆ ತಿರುಗಿದರು. ಅವರ ಅಷ್ಟೊಂದು ಹಕ್ಕಿಗಳಿಗೆ ಕಣ್ಣುಮುಚ್ಚಿ ಸಹಿ ಹಾಕಿದ್ದೇನೆ, ನನ್ನದೊಂದಕ್ಕೆ ಅವರು ಹಾಕದೆ ಇರುತ್ತಾರೆಯೇ ಎಂಬ ಧೈರ್ಯದಲ್ಲಿ ನಾನು ಪೆನ್ನಿನ ಮುಚ್ಚಳ ತೆಗೆದೂ ಆಗಿತ್ತು.

"ಇಲ್ಲ" ಎಂದರು ಮಾಸ್ಟ್ರು. "ನನಗೆ ಕಾಣಲಿಲ್ಲ. ಕಾಣದ್ದನ್ನು ಕಂಡೆ ಅಂತ ಹೇಳುವುದು ಹೇಗೆ?"

ಅಂಗಡಿಯವರು ಮೆಲ್ಲಗೆ, "ಮಾಸ್ಟ್ರೆ, ಕಣ್ಣು ಒಮ್ಮೆ ಡಾಕ್ಟ್ರಿಗೆ ತೋರಿಸಿ ಮಾರಾಯ್ರೆ" ಎಂದರು.

"ಕಣ್ಣಿಗೆ ಎಂತದೂ ಆಗ್ಲಿಲ್ಲ. ಪೊರೆ ಬಂದಿದೆ, ಆಪರೇಷನ್ ಮಾಡಿಸುವ ಅಂತ ಮಗಳು ಎರಡು ವರ್ಷದಿಂದ ಜೀವ ತಿನ್ತಾ ಇದ್ದಾಳೆ. ನಾನು ಅವಳಿಗೆ ಈ ಪುಸ್ತಕ ತೋರಿಸಿದ್ದೇನೆ. ಕಣ್ಣಿಲ್ಲದವನಿಗೆ ಹೊಳೆಯ ಆಚೆದಡದ ಕರಿ ಕೊಕ್ಕರೆ ಕಾಣ್ತದಾ? ಬೇಕಾದ್ರೆ ಇವರನ್ನೇ ಕೇಳಿ. ನಾನು ಕಂಡದ್ದನ್ನು ಒಂದೂ ಬಿಡದೆ ಇವರೂ ಕಂಡಿದ್ದಾರೆ. ಸಾಕ್ಷಿ ಉಂಟು."

ನಾನು ಗೀಚಿದ ಸಹಿಗಳನ್ನು ಈ ಮನುಷ್ಯ ಕಣ್ಣಿನ ಸರ್ಟಿಫಿಕೇಟ್ ಎಂದು ಮಗಳಿಗೆ ತೋರಿಸುತ್ತಿದ್ದರು. ಈಗ ನನ್ನ ನವರಂಗ ನಿಜವಾಗಬೇಕಾದರೆ ಅವರ ಕಣ್ಣು ಮಂಜೆಂದು ರುಜುವಾಗಬೇಕು. ಅದು ರುಜುವಾಗಬೇಕಾದರೆ ನಾನು ಸುಳ್ಳುಗಾರ ಎಂದು ಒಪ್ಪಬೇಕು. ಸುಳ್ಳುಗಾರನ ನವರಂಗವನ್ನು ಯಾರು ನಂಬುತ್ತಾರೆ? ಊರಿನ ಎಲ್ಲ ತಂಟೆಯ ಜಾಗಗಳಿಗೂ ಪತ್ರ ಬರೆದವನು ನಾನು. ಇಷ್ಟು ಚಂದದ ಸಿಕ್ಕನ್ನು ಅಲ್ಲಿಯೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡರೆ ಮುಂದಿನ ಭಾನುವಾರವಾದರೂ ಆ ಹಕ್ಕಿ ಇನ್ನೊಬ್ಬರ ಕಣ್ಣಿಗೆ ಬೀಳಬಹುದಿತ್ತು. ಆ ಆಸೆಯೂ ಬಂತು, ಸುಳ್ಳೇಕೆ ಹೇಳಲಿ. ಆದರೆ ಅಲ್ಲಿಯವರೆಗೂ ನನ್ನ ಸಹಿಗಳು ಮಾಸ್ಟ್ರನ್ನು ಡಾಕ್ಟರ ಬಳಿ ಹೋಗಲು ಬಿಡುತ್ತಿರಲಿಲ್ಲ.

"ಕೊಕ್ಕರೆ ಅಲ್ಲ ಮಾಸ್ಟ್ರೆ" ಎಂದೆ. "ಅದು ಮರದ ಕುತ್ತಿ. ಮೇಲೆ ಟಾರ್ಪಾಲಿನ ತುಂಡು."

ಯಾರೋ ಕಿಸಕ್ಕೆಂದು ನಕ್ಕು ಸುಮ್ಮನಾದರು. ಮಾಸ್ಟ್ರು ನನ್ನ ಕೈಯಿಂದ ಪುಸ್ತಕ, ಪೆನ್ನು ಎರಡನ್ನೂ ತೆಗೆದುಕೊಂಡು, ಪುಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ನಾನು ಸಾಕ್ಷಿ ಹಾಕಿದ ಒಂದೊಂದು ಸಾಲಿಗೂ ಬೆರಳಿಟ್ಟು "ಇದು?" ಎಂದು ಕೇಳುತ್ತ ಹೋದರು. "ಕಾಣಲಿಲ್ಲ ಮಾಸ್ಟ್ರೆ. ಇದೂ ಕಾಣಲಿಲ್ಲ. ಇದು ಕಂಡಿತ್ತು. ಇದು ಇಲ್ಲ." ಕಾಣದ್ದಕ್ಕೆಲ್ಲ ಅವರು ತಾವೇ ಗೆರೆ ಎಳೆದರು. ಪಾಪ, ಗೆರೆ ಕೆಲವು ಕಡೆ ಪಕ್ಕದ ಸಾಲಿನ ಮೇಲೆ ಬಿತ್ತು.

"ನವರಂಗ?" ಎಂದು ಕೊನೆಗೆ ಕೇಳಿದರು.

"ಅದು ನಿಜ."

"ಇರಬಹುದು" ಎಂದರು. "ಆದ್ರೆ ಅದಕ್ಕೆ ಸಾಕ್ಷಿ ಇಲ್ಲ." ಪೆನ್ನು ನನಗೆ ಕೊಟ್ಟರು.

ಅದೇ ತಿಂಗಳು ಮಗಳು ಅವರನ್ನು ಮಂಗಳೂರಿಗೆ ಕರೆದುಕೊಂಡು ಹೋದರು. ಎರಡು ವಾರ ಬಿಟ್ಟು ನಾನು ಹಣ್ಣು ಹಿಡಿದುಕೊಂಡು ಅವರ ಮನೆಗೆ ಹೋದೆ. ಕಪ್ಪು ಕನ್ನಡಕ ಹಾಕಿ ಜಗಲಿಯಲ್ಲಿ ಕೂತಿದ್ದರು. ನನ್ನನ್ನು ನೋಡಿ, "ಓ, ನಿಮಗೆ ಇಷ್ಟು ನರೆ ಬಂದಿದೆಯಾ?" ಎಂದು ನಕ್ಕರು. ಎಡಗಣ್ಣು ಚೆನ್ನಾಗಿ ಬಂದಿತ್ತು. ಬಲಗಣ್ಣು ಬರಲಿಲ್ಲ. "ತಡ ಆಯ್ತಂತೆ. ಪೊರೆ ಹಣ್ಣಾಗಿ ಒಳಗೆ ನರ ಹಾಳಾಗಿದೆಯಂತೆ" ಎಂದರು, ಯಾರದೋ ತೋಟದ ವಿಷಯ ಹೇಳುವಂತೆ. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಚಹಾ ತಂದ ಮಗಳ ಮುಖ ನೋಡಲು ನನಗೆ ಆಗಲಿಲ್ಲ. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು, ಅದು ಇವತ್ತಿಗೂ ಪೂರ್ತಿ ಹೋಗಿಲ್ಲ.

ಅಂಗಳದಾಚೆ ಪೇರಳೆ ಮರದಲ್ಲಿ ಏನೋ ಕೂಗಿತು. ಮಾಸ್ಟ್ರು ಕತ್ತು ಚಾಚಿದರು. "ಯಾವುದು ಅದು?"

"ಗೊತ್ತಿಲ್ಲ. ಕಾಣುವುದಿಲ್ಲ ಇಲ್ಲಿಂದ."

"ಹತ್ತಿರ ಹೋಗಿ ನೋಡುವ, ಬನ್ನಿ" ಎಂದು ಎದ್ದರು. ಜಗಲಿಯ ಮೆಟ್ಟಿಲ ಬಳಿ ನಾನು ಅವರ ಬಲಗಡೆಗೆ ಹೋಗಿ ಕೈ ಹಿಡಿದೆ.

"ಬಿಡಿ, ಕಾಣ್ತದೆ ನನಗೆ" ಎಂದರು.

ನಾನು ಬಿಡಲಿಲ್ಲ.