ಮಲ್ಲಪ್ಪನವರನ್ನು ಮಗ್ಗುಲಾಗಿಸಿದವರು

ಕಾಣದ ಕೈ, ದೆವ್ವ, ಭೂತ ಎಂದು ಯಾರಾದರೂ ಮಾತು ತೆಗೆದರೆ ನಗುತ್ತಿದ್ದವಳು ನಾನು. ನರ್ಸ್ ಆಗಿ ಎಷ್ಟೋ ಸಾವುಗಳನ್ನು ಹತ್ತಿರದಿಂದ ಕಂಡವಳಿಗೆ ಅವೆಲ್ಲ ದಣಿದ ಮನಸ್ಸಿನ ಆಟ ಎನಿಸುತ್ತಿತ್ತು. ಈಗ ನಗುವುದಿಲ್ಲ. ನಂಬುತ್ತೇನೆಂದೂ ಹೇಳಲಾರೆ. ನಡೆದದ್ದನ್ನು ಹೇಳುತ್ತೇನೆ, ನೀವೇ ಯೋಚಿಸಿ.

ಕೆಲವು ವರ್ಷಗಳ ಹಿಂದೆ ನನಗೆ ಮಾರತ್ತಹಳ್ಳಿಯ ಕಚೇರಿಯೊಂದರಲ್ಲಿ ಕೆಲಸ. ಇನ್ನು ಚಿಕಿತ್ಸೆಯಿಲ್ಲವೆಂದು ಮನೆಗೆ ಕಳುಹಿಸಿದ ಕ್ಯಾನ್ಸರ್ ರೋಗಿಗಳನ್ನು ವಿಡಿಯೋ ಕಾಲ್‌ನಲ್ಲಿ ವಿಚಾರಿಸಿಕೊಳ್ಳುವುದು, ನೋವಿನ ಔಷಧಿ ಹೇಗೆ ಕೊಡಬೇಕು, ಹೇಗೆ ಮಲಗಿಸಬೇಕು ಎಂದು ಮನೆಯವರಿಗೆ ಹೇಳಿಕೊಡುವುದು. ಪರದೆಯಲ್ಲಿ ಎಲ್ಲ ಕಾಣುತ್ತದೆ, ಕೈ ಮಾತ್ರ ತಲುಪುವುದಿಲ್ಲ. ಆ ಚಡಪಡಿಕೆ ಮನೆಗೆ ಹೋದರೂ ಬಿಡುತ್ತಿರಲಿಲ್ಲ.

ಲಗ್ಗೆರೆಯ ಒಂದೇ ಕೋಣೆಯ ಮನೆಯಲ್ಲಿ ಮಲ್ಲಪ್ಪ ಎಂಬವರಿದ್ದರು. ಗದಗದ ಕಡೆಯವರು, ಪೀಣ್ಯದಲ್ಲಿ ಲೇತ್ ಯಂತ್ರ ನಡೆಸುತ್ತಿದ್ದವರು. ಕಾಯಿಲೆ ಬೆನ್ನುಮೂಳೆಗಿಳಿದು ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು, ಮಾತೂ ನಿಂತಿತ್ತು. ಹೆಂಡತಿ ಗಂಗವ್ವ ಒಬ್ಬರೇ ಎಲ್ಲ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ನಾವು ಮಾತಾಡುತ್ತಿರುವಾಗ ಹೊರಗೆ ನೀರಿನ ಟ್ಯಾಂಕರ್ ಹಾರ್ನ್ ಹೊಡೆಯಿತು. "ಮೇಡಂ, ಎರಡು ಕೊಡ ಹಿಡಕೊಂಡು ಬಂದುಬಿಡ್ತೀನ್ರೀ, ಇವರ ಕಡೆ ನೋಡಕೋತ ಇರ್ರಿ" ಎಂದು ಗಂಗವ್ವ ಫೋನನ್ನು ಗೋಡೆಗೆ ಒರಗಿಸಿ, ಹೊರಗಿನಿಂದ ಚಿಲಕ ಹಾಕಿಕೊಂಡು ಹೋದರು.

ಸ್ವಲ್ಪದರಲ್ಲೇ, ಅಂಗಾತ ಮಲಗಿದ್ದ ಮಲ್ಲಪ್ಪನವರ ಗಂಟಲಲ್ಲಿ ಕಫ ಗೊರಗೊರ ಎಂದಿತು. ಉಸಿರು ಸಿಕ್ಕಿಕೊಂಡು ಕಣ್ಣುಗಳು ಮೇಲಾದವು. "ಗಂಗವ್ವಾ! ಗಂಗವ್ವಾ!" ಎಂದು ಕೂಗಿದೆ. ಕಚೇರಿಯವರೆಲ್ಲ ತಿರುಗಿ ನೋಡಿದರು.

ಆಗ ಹಾಸಿಗೆಯ ಆಚೆಬದಿ, ತಲೆ ತುಂಬ ಸೆರಗು ಹೊದ್ದ ಮುದುಕಿಯೊಬ್ಬರು ಕುಳಿತಿರುವುದು ಕಂಡಿತು. ಊರಿನಿಂದ ಬಂದ ನೆಂಟರಿರಬೇಕು ಎಂದುಕೊಂಡೆ. "ಅಜ್ಜೀ, ಅವರನ್ನ ಈ ಕಡೆ ಮಗ್ಗುಲಾಗಿಸಿ, ಬೆನ್ನಿಗೆ ಏನಾದ್ರೂ ಕೊಡಿ, ಬೇಗ!"

ಆಕೆ ತಲೆ ಎತ್ತಲಿಲ್ಲ. ಭುಜ, ಸೊಂಟ ಹಿಡಿದು ನಿಧಾನವಾಗಿ ತಿರುಗಿಸಿದರು. ಹೊದಿಸಿದ್ದ ಕೌದಿ ಮಡಚಿ ಬೆನ್ನಿಗಿಟ್ಟರು. ಕಫ ಬಾಯಿಂದ ಹರಿದುಹೋಗಿ ಉಸಿರು ಸರಾಗವಾಯಿತು. ನಾನು ಒಂದು ಗುಟುಕು ನೀರು ಕುಡಿದು ಮತ್ತೆ ನೋಡುವಷ್ಟರಲ್ಲಿ ಅಜ್ಜಿ ಇರಲಿಲ್ಲ.

ಚಿಲಕ ತೆಗೆದ ಸದ್ದಾಯಿತು. ಕೊಡ ಹೊತ್ತು ಬಂದ ಗಂಗವ್ವ ಬಾಗಿಲಲ್ಲೇ ನಿಂತುಬಿಟ್ಟರು. "ಇವರನ್ನ ಯಾರು ಹೊಳ್ಳಿಸಿದ್ರು ಮೇಡಂ?"

"ಅಜ್ಜಿ ಇದ್ರಲ್ಲ?"

"ಯಾವ ಅಜ್ಜಿರೀ? ಮನ್ಯಾಗ ನಾವಿಬ್ಬರ."

ನಮ್ಮ ಡಾಕ್ಟರು, ಒದ್ದಾಡುವಾಗ ಅವರೇ ಹೊರಳಿರಬೇಕು, ಗಾಬರಿಯಲ್ಲಿ ನಿನಗೆ ಹಾಗೆ ಕಂಡಿರಬೇಕು ಎಂದರು. ಸ್ವಾಧೀನವಿಲ್ಲದವರು ಹೊರಳಿ, ಬೆನ್ನಿಗೆ ಕೌದಿಯನ್ನೂ ಮಡಚಿಟ್ಟುಕೊಂಡರೇ?  ಆ ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ.

ಅದೇ ವಾರ, ಮಲ್ಲಪ್ಪನವರು ಹೋಗುವ ಹೊತ್ತಿಗೆ ಗಂಗವ್ವ ಕರೆ ಮಾಡಿದರು. ಉಸಿರಿಗೂ ಉಸಿರಿಗೂ ನಡುವೆ ಬಿಡುವು ಹೆಚ್ಚುತ್ತಿತ್ತು. ಅವರಿಗೆ ನೋವಾಗುತ್ತಿಲ್ಲ, ಕೈ ಹಿಡಿದುಕೊಂಡಿರಿ ಎಂದೆ. ಗಂಗವ್ವ ಒಂದು ಕೈಯಲ್ಲಿ ಗಂಡನ ಕೈ ಹಿಡಿದು, ಇನ್ನೊಂದರಲ್ಲಿ ಫೋನನ್ನು ಕೋಣೆಯ ಮೂಲೆಮೂಲೆಗೂ ತಿರುಗಿಸಿದರು.

"ನನಗ ಕಾಣವಲ್ಲದು. ನೀವ ನೋಡ್ರಿ ಮೇಡಂ, ಆ ಅಜ್ಜಿ ಬಂದಾಳೇನು?"

ಗೋಡೆ, ಗ್ಯಾಸ್ ಒಲೆ, ಹಗ್ಗದ ಮೇಲಿನ ಬಟ್ಟೆ. ಪರದೆಗೆ ಮುಖ ಹತ್ತಿರ ತಂದು ಹುಡುಕಿದೆ. ಅಜ್ಜಿ ಕಾಣಲಿಲ್ಲ. ಇಲ್ಲ ಎನ್ನಲು ನಾಲಗೆ ಏಳಲಿಲ್ಲ, ಇದ್ದಾರೆ ಎನ್ನಲೂ ಏಳಲಿಲ್ಲ. ಗಂಗವ್ವ ಫೋನ್ ಹಿಡಿದೇ ಇದ್ದರು. ಅವರಿಗೆ ಏನೆಂದು ಹೇಳಬೇಕಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ.