ಖಾಲಿ ಮನೆಗೆ ಕೀಲಿ ಬೇಡ ಎಂದ ಡಾಕ್ಟರ್ ಬಾಯಿ

ನಮ್ಮ ಡಾಕ್ಟರ್ ಬಾಯಿಯ ಎಡಗೈ ಕಿರುಬೆರಳು ಮಡಚುತ್ತಿರಲಿಲ್ಲ. ಎಂದೋ ಮುರಿದದ್ದು ನೆಟ್ಟಗೇ ಕೂಡಿಕೊಂಡಿತ್ತು. ಚಹಾದ ಬಶಿ ಹಿಡಿದರೆ ಅದೊಂದು ಬೇರೆಯಾಗಿ ನಿಲ್ಲುತ್ತಿತ್ತು; ಬೈಯುವಾಗಂತೂ ಮಾತಿಗಿಂತ ಮೊದಲು ಆ ಬೆರಳೇ ಮುಂದೆ ಬರುತ್ತಿತ್ತು. ಅವರು ಬೈಯದೆ ಇದ್ದ ದಿನ ನನಗೆ ನೆನಪಿಲ್ಲ. ಬೆಳಗಾವಿಯ ಕಡೆಯವರು, ಮದುವೆ ಮಾಡಿಕೊಂಡಿರಲಿಲ್ಲ. ದಾದರ್ ಸ್ಟೇಷನ್ನಿನ ಹತ್ತಿರ ಒಂದು ಬಿಲ್ಡಿಂಗಿನ ಕೆಳಗಿನ ಮಹಡಿಯಲ್ಲಿ ಮುಂದೆ ದವಾಖಾನೆ, ಹಿಂದೆ ಅವರ ಸಂಸಾರ. ಸಂಸಾರವೆಂದರೆ ಅವರೊಬ್ಬರೇ.

ಮುಚ್ಚಿಟ್ಟು ಹೇಳುವ ವಯಸ್ಸು ನನ್ನದಲ್ಲ, ನೇರವಾಗಿಯೇ ಹೇಳಿಬಿಡುತ್ತೇನೆ. ನಾನು ಹುಟ್ಟಿದಾಗ ನನಗೆ ಗುದದ್ವಾರವೇ ಇರಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಕೊಯ್ದು ದಾರಿ ಮಾಡಿ ಬದುಕಿಸಿದರು. ಬದುಕಿದೆ, ಆದರೆ ಮಲ ತಡೆದುಕೊಳ್ಳುವ ಶಕ್ತಿ ಮಾತ್ರ ಬರಲೇ ಇಲ್ಲ. ಅಪ್ಪನಿಗೆ ಮುಂಬಯಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿ ದಾದರಿನ ಚಾಳಿನ ಒಂದೇ ಕೋಣೆಯ ಮನೆಗೆ ಬಂದ ಮೇಲೆ ನನ್ನ ಪಾಡು ಇನ್ನೂ ಕೆಟ್ಟಿತು. ಯಾವ ಗಳಿಗೆಯಲ್ಲಿ ಸೀರೆ ಹಾಳಾದೀತೋ ಎಂಬ ಹೆದರಿಕೆಯಲ್ಲೇ ಇಪ್ಪತ್ತು ದಾಟಿತು. ಹೊರಗೆ ಹೋಗುವುದಿದ್ದರೆ ಹಿಂದಿನ ದಿನದಿಂದಲೇ ಉಪವಾಸ. ಮದುವೆಮನೆಯಲ್ಲಿ ಬಾಗಿಲ ಬಳಿಯೇ ನನ್ನ ಜಾಗ. ಮನೆಯಲ್ಲಿದ್ದರೆ ಹೊತ್ತು ಹೊತ್ತಿಗೂ ಸ್ನಾನ. ಹೀಗೆಯೇ ಹೊಟ್ಟೆ ಕಟ್ಟಿ ಓದಿ ಶಿಕ್ಷಕಿಯ ಪರೀಕ್ಷೆ ಪಾಸು ಮಾಡಿದ್ದೆ. ಧಾರಾವಿಯ ಹತ್ತಿರದ ಕನ್ನಡ ಶಾಲೆಯಲ್ಲಿ ಜೂನ್‌ನಿಂದ ಕೆಲಸ ಕೊಡುತ್ತೇವೆಂದಿದ್ದರು. ಅಪ್ಪ, “ಬ್ಯಾಡವಾ, ಹುಡುಗರ ಮುಂದ ಮರ್ಯಾದಿ ಹೋದೀತು” ಎಂದರು. ನನ್ನ ಮದುವೆಯ ಮಾತನ್ನಂತೂ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆ ಕೆಲಸವೂ ಕೈತಪ್ಪಿದರೆ ನನಗೆ ಉಳಿಯುವುದು ಚಾಳಿನ ಒಂದು ಮೂಲೆ, ಅಷ್ಟೆ.

ಅವ್ವ ನನ್ನನ್ನು ದವಾಖಾನೆಗೆ ಕರೆದುಕೊಂಡು ಹೋಗಿ, “ಹುಡುಗೀಗೆ ಹೊಟ್ಟಿ ಸರಿ ಇಲ್ಲರಿ ಬಾಯಾರ” ಎಂದಳು. ಡಾಕ್ಟರ್ ಬಾಯಿ ನನ್ನ ಮುಖ ನೋಡಿ, “ಊಟ ಮಾಡಿ ಎಷ್ಟು ಹೊತ್ತಾತು?” ಎಂದು ಕೇಳಿದರು. ನಿನ್ನೆ ಎಂದೆ. ಬೆರಳು ಎದ್ದಿತು. “ಉಪಾಸ ಮಾಡಿದ್ರ ದೇವರು ಮೆಚ್ಚತಾನೋ ಇಲ್ಲೋ ನನಗ ಗೊತ್ತಿಲ್ಲ. ನಾ ಅಂತೂ ಮೆಚ್ಚೂದಿಲ್ಲ.”

ಅವ್ವನನ್ನು ಹೊರಗೆ ಕೂರಿಸಿ ಪರೀಕ್ಷೆ ಮಾಡಿದರು. ಆಮೇಲೆ ಕೈ ತೊಳೆಯುತ್ತ, ಅಕ್ಕಿ ಬೇಳೆಯ ಮಾತಾಡಿದಷ್ಟು ಸಲೀಸಾಗಿ ಹೇಳಿದರು: “ನೋಡು ಹುಡುಗಿ, ಬಾಗಲಾ ಮಾಡ್ಯಾರ, ಛಲೋ ಮಾಡ್ಯಾರ. ಅದನ್ನ ಬಿಗಿಹಿಡಿಯೋ ಸ್ನಾಯು ನಿನಗ ಹುಟ್ಟಿದಾಗಿಂದನ ಸರಿಯಾಗಿ ಬೆಳದಿಲ್ಲ. ತೊಡಿ ಸ್ನಾಯು ತಗದು ಅಲ್ಲಿ ಸುತ್ತತಾರಂತ, ಪರದೇಶದಾಗ ನಡದದ. ಅದನ್ನ ನಂಬಿ ನಿನ್ನ ಕೊಯ್ಯಾಕ ಕೊಡಲಿಕ್ಕೆ ನನಗ ಧೈರ್ಯ ಇಲ್ಲ. ಆದ್ರ ಮನಿ ಖಾಲಿ ಇದ್ರ ಬಾಗಲಕ್ಕ ಕೀಲಿ ಯಾತಕ್ಕ ಬೇಕು?”

ಉಪಾಯ ಇಷ್ಟೇ. ದಿನಾ ಬೆಳಿಗ್ಗೆ ಗೋಡೆಗೆ ತೂಗುಹಾಕಿದ ಡಬ್ಬಿಯಿಂದ ರಬ್ಬರ್ ನಳಿಗೆಯ ಮೂಲಕ ಬೆಚ್ಚಗಿನ ಉಪ್ಪುನೀರು ಒಳಗೆ ಬಿಡುವುದು. ಎಲ್ಲ ಹೊರಗೆ ಬರುವತನಕ ಕೂರುವುದು. ಕರುಳು ಬರಿದಾದರೆ ಮರುದಿನದವರೆಗೆ ನಿಶ್ಚಿಂತೆ. “ವಾಸಿ ಆಗ್ತದೇನ್ರಿ?” ಎಂದೆ. “ಇಲ್ಲ. ಸುಳ್ಳು ಯಾಕ ಹೇಳ್ಲಿ? ಜೀವ ಇರೂತನಾ ಮಾಡಬೇಕು. ಹಲ್ಲು ತಿಕ್ಕೂದಿಲ್ಲೇನು ಜೀವ ಇರೂತನಾ?” ಎಂದರು. ನನಗೆ ಅಳು ಬಂತು, ನಗುವೂ ಬಂತು. ಅಲ್ಲಿಯವರೆಗೆ ಯಾರೂ ನನ್ನ ಎದುರು ಅದರ ಹೆಸರನ್ನೇ ಎತ್ತಿರಲಿಲ್ಲ.

ಆದರೆ ಚಾಳಿನಲ್ಲಿ ಮಾಡುವುದೆಲ್ಲಿ? ಗ್ಯಾಲರಿಯ ತುದಿಯಲ್ಲಿ ಎಲ್ಲರಿಗೂ ಸೇರಿದ ಸಂಡಾಸು. ಒಳಗೆ ಸ್ವಲ್ಪ ಹೊತ್ತಾದರೆ ಸಾಕು, ಹೊರಗೆ ತಂಬಿಗೆ ಹಿಡಿದವರು ಬಾಗಿಲು ಬಡಿಯುತ್ತಿದ್ದರು. ಇದನ್ನು ಹೇಳಿದಾಗ ಡಾಕ್ಟರ್ ಬಾಯಿ, “ಹಂಗಾದ್ರ ಇಲ್ಲೇ ಬಾ. ಹಿಂದಿನ ಬಾಗಲಾ ತಗದಿರ್ತದ” ಎಂದುಬಿಟ್ಟರು. ತಮ್ಮ ಸ್ವಂತ ಸ್ನಾನದ ಮನೆಯನ್ನು ಬೆಳಗಿನ ಹೊತ್ತು ನನಗೆ ಬಿಟ್ಟುಕೊಟ್ಟರು. ಅಂಥ ಔದಾರ್ಯ ನನ್ನ ಒಡಹುಟ್ಟಿದವರಿಗೂ ಬರಲಿಲ್ಲ.

ಮೊದಮೊದಲು ಬರೀ ಫಜೀತಿ. ನೀರು ಕಡಿಮೆಯಾಗಿ ಮಧ್ಯಾಹ್ನ ಮೋಸವಾಗುತ್ತಿತ್ತು. ಒಂದು ದಿನ ಇವೆಲ್ಲ ಸಾಕೆಂದು ನಳಿಗೆ ಬಿಸಾಡಿದೆ. ಅವರೇ ಅದನ್ನು ಎತ್ತಿ ತೊಳೆದು ತೂಗುಹಾಕಿ, “ಸಿಟ್ಟು ಬಂತಲ್ಲ, ಛಲೋ ಆತು. ಇಷ್ಟು ದಿನ ಬರೇ ನಾಚಿಕೀನ ಇತ್ತು” ಎಂದರು. ನೀರು ಹೆಚ್ಚಿಸಿ, ಹಾಲು ನಿಲ್ಲಿಸಿ, ನಿನ್ನೆ ಏನು ತಿಂದೆ ಎಂದು ದಿನವೂ ವಿಚಾರಿಸಿ, ಚಳಿಗಾಲ ಮುಗಿಯುವಷ್ಟರಲ್ಲಿ ಹದ ಕಂಡುಹಿಡಿದರು.

ಇತ್ತ ಚಾಳಿನಲ್ಲಿ ಒಂದು ತಮಾಷೆ ನಡೆದಿತ್ತು. ದಿನಾ ನಸುಕಿಗೆ ಹೋಗಿ, ಮಿಂದು, ಒದ್ದೆಗೂದಲಲ್ಲಿ ದಾದರಿನ ಮಾರ್ಕೆಟ್ಟಿನಿಂದ ಹೂ ಹಿಡಿದು ಬರುವ ನನ್ನನ್ನು ನೋಡಿ, ದೇವಸ್ಥಾನಕ್ಕೆ ಹೋಗಿ ಬರುತ್ತಾಳೆಂದೇ ಎಲ್ಲರೂ ತಿಳಿದಿದ್ದರು. ಹಿಂದಿನ ಉಪವಾಸ, ಸ್ನಾನಗಳೂ ಲೆಕ್ಕಕ್ಕೆ ಸೇರಿದವು. ನನ್ನಷ್ಟು ಮಡಿವಂತೆ ಇಡೀ ಚಾಳಿನಲ್ಲಿ ಇಲ್ಲವೆಂದು ತೀರ್ಮಾನವಾಗಿತ್ತು. ಮೇ ತಿಂಗಳಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡ ಪಕ್ಕದ ಮನೆಯ ಕಾಕೂ ಬಂದು, “ಪ್ರಸಾದದ ಶಿರಾ ನೀನ ಮಾಡಬೇಕವಾ. ನಿನ್ನಂಥಾ ಶುದ್ಧ ಕೈ ಯಾರದದ?” ಎಂದು ಪಟ್ಟು ಹಿಡಿದರು.

ಓಡಿಹೋಗಿ ಡಾಕ್ಟರ್ ಬಾಯಿಗೆ ಹೇಳಿದೆ: “ನಾ ಎಂಥಾಕಿ ಅಂತ ಅವರಿಗೆ ಗೊತ್ತಾದ್ರ? ದೇವರ ಕೆಲಸರಿ ಬಾಯಾರ, ಪಾಪ ಬರ್ತದ.” ಅವರು ಕನ್ನಡಕ ತೆಗೆದಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತಾಗ ಕಣ್ಣಲ್ಲಿ ನೀರಿತ್ತು. “ಹುಚ್ಚಿ, ಅಲ್ಲಿ ಕೂಡೋ ಮಂದಿ ಎಲ್ಲಾ ಹೊಟ್ಟಿಯೊಳಗ ಹೊತ್ತುಕೊಂಡ ಬರ್ತಾರ. ಖಾಲಿ ಮಾಡ್ಕೊಂಡು ಬರಾಕಿ ನೀ ಒಬ್ಬಾಕಿ. ಹೋಗು, ತುಪ್ಪ ಕೈಬಿಟ್ಟು ಹಾಕು.”

ಹೋದೆ. ರವೆ ಹುರಿದೆ, ಬಾಳೆಹಣ್ಣು ಕಿವುಚಿದೆ. ಕಥೆ ಮುಗಿದು ಆರತಿಯಾಗುವವರೆಗೂ ಹೆಂಗಸರ ನಡುವೆ, ಬಾಗಿಲಿಂದ ದೂರ, ಗೋಡೆಗೆ ಒರಗಿ ಕೂತಿದ್ದೆ. ಏನೂ ಆಗಲಿಲ್ಲ. ಅಪ್ಪ ಎರಡು ಸಲ ಪ್ರಸಾದ ಬೇಡಿ ತಿಂದರು. ಮನೆಗೆ ಬಂದು, ನನ್ನ ಮುಖ ನೋಡದೆ, “ಶಾಲೀಗೆ ಹೋಗ್ತೀಯಂತ ಹೇಳಿಬಿಡ್ಲೇನು?” ಎಂದರು. ಹೇಳ್ರಿ ಎಂದೆ.

ನಾನು ಶಾಲೆ ಸೇರಿದ ಮೇಲೆ ಡಾಕ್ಟರ್ ಬಾಯಿ ಹತ್ತು ವರ್ಷವೂ ಬದುಕಲಿಲ್ಲ. ಎದೆನೋವು ಬಂದು ಮಲಗಿದವರು ಏಳಲಿಲ್ಲ. ಕೊನೆಯ ದಿನ ಬೆಳಿಗ್ಗೆ ಅವರ ಬಾಯಿಗೆ ನಾಲ್ಕು ಚಮಚ ಗಂಜಿ ಹಾಕಿ, ಇವತ್ತು ರಜೆ ಹಾಕುತ್ತೇನೆಂದು ಪಕ್ಕದಲ್ಲೇ ಕೂತೆ. ಮಾತಿಗೆ ಉಸಿರು ಸಾಲದಿದ್ದರೂ ಬೈಯುವುದಕ್ಕೆ ಹೇಗೋ ಒದಗಿಸಿಕೊಂಡರು. “ಇಲ್ಲಿ ಕೂತು ನನ್ನ ಮಾರಿ ನೋಡಲಿಕ್ಕೆ ಇಷ್ಟೆಲ್ಲಾ ಮಾಡೀನೇನು? ಏಳು, ಶಾಲಿ ಪ್ರಾರ್ಥನಾ ತಪ್ಪತದ.”

ಎದ್ದು ಹೋದೆ. ಅವರ ಜೀವ ಹೋದ ಹೊತ್ತಿಗೆ ನಾನು ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದೆ. ಹತ್ತಿರ ಇರಲಿಲ್ಲವಲ್ಲ ಎಂದು ಎಷ್ಟೋ ವರ್ಷ ಅತ್ತಿದ್ದೇನೆ. ಆದರೆ ನನ್ನನ್ನು ಅಲ್ಲಿ, ಮಕ್ಕಳ ಮುಂದೆ, ಹೆದರಿಕೆಯಿಲ್ಲದೆ ನಿಲ್ಲಿಸಿದವರು ಅವರೇ.